ಹೊಸೂರು ರಸ್ತೆಯಲ್ಲಿ ವಿಳಾಸ ಕೇಳುವವರು

ಅತ್ತಿಬೆಲೆಯನ್ನು ಕಣ್ಣಾರೆ ಕಂಡವರಿಗಿಂತ ಟಿವಿಯಲ್ಲಿ ಕಂಡವರೇ ಹೆಚ್ಚು. ನದಿ ನೀರಿನ ಜಗಳ ಬಿಸಿಯಾದಾಗ ಕನ್ನಡ ಹೋರಾಟಗಾರ ವಾಟಾಳ್ ನಾಗರಾಜ್ ಅವರು ಬಂದು ಧರಣಿ ಕೂರುವ ಗಡಿ ಇದು. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಭೆಯಿಂದ ಎರಡೂ ರಾಜ್ಯಗಳ ಬಸ್ಸುಗಳು ನಿಂತಾಗ ಗಂಟುಮೂಟೆ ಹೊತ್ತು, ಮಕ್ಕಳ ಕೈ ಹಿಡಿದು ಜನ ಕಾಲ್ನಡಿಗೆಯಲ್ಲಿ ದಾಟಿದ್ದೂ ಇದನ್ನೇ. ಉಳಿದ ದಿನಗಳಲ್ಲಿ ಇಲ್ಲೊಂದು ಗಡಿ ಇದೆ ಎಂಬುದೇ ಅಷ್ಟಾಗಿ ಗೊತ್ತಾಗುವುದಿಲ್ಲ. ಆಚೆ ಜೂಜುವಾಡಿಯಲ್ಲಿ ತಮಿಳುನಾಡು ಮುಗಿಯುತ್ತದೆ, ಈಚೆ ಆನೇಕಲ್ ತಾಲ್ಲೂಕು ಶುರುವಾಗುತ್ತದೆ, ರಾಷ್ಟ್ರೀಯ ಹೆದ್ದಾರಿ 44 ಎರಡನ್ನೂ ಹೊಲಿದುಕೊಂಡು ಹೋಗುತ್ತದೆ. ಬೆಳಗಿನ ಪಾಳಿಯ ಹೊತ್ತಿಗೆ ಕಂಪನಿ ಬಸ್ಸುಗಳು ಎರಡೂ ದಿಕ್ಕಿನಲ್ಲಿ ತುಂಬಿ ಓಡುತ್ತವೆ. ಹೊಸೂರಿನ ಮನೆಗಳಲ್ಲಿ ಕನ್ನಡವೂ ತೆಲುಗೂ ಕೇಳಿಸುತ್ತವೆ, ಅತ್ತಿಬೆಲೆಯ ಚಹದ ಅಂಗಡಿಯಲ್ಲಿ ತಮಿಳು, ಹಿಂದಿ, ಒಡಿಯಾ. ಹೆದ್ದಾರಿ ಬಿಟ್ಟು ಒಳರಸ್ತೆಗೆ ಇಳಿದರೆ ಸಾಲುಮನೆಗಳು: ತಗಡಿನ ಸೂರು, ಒಂದೊಂದೇ ಕೋಣೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಬಾಗಿಲ ಮುಂದೆ ಸೇಫ್ಟಿ ಶೂಗಳು. ಒಂದೇ ಕೋಣೆಯಲ್ಲಿ ಹಗಲು ಪಾಳಿಯವರು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಬಂದು ಮಲಗುತ್ತಾರೆ. 2023ರ ಅಕ್ಟೋಬರ್ 7ರಂದು ಇಲ್ಲಿನ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಹುತೇಕರು ತಮಿಳುನಾಡಿನ ಹಳ್ಳಿಗಳಿಂದ ದೀಪಾವಳಿ ಸೀಸನ್ನಿನ ಕೂಲಿಗೆ ಬಂದಿದ್ದ ಹುಡುಗರು. ಅವರ ವಿಳಾಸ ಹುಡುಕುವ ಕೆಲಸ ಸತ್ತ ಮೇಲೆ ಶುರುವಾಯಿತು.

ಈ ಊರಿಂದ ಹೊರಟು ಚಂದಾಪುರ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸರೋಡಿನವರೆಗೆ ಹೋದರೆ ಬಲಕ್ಕೆ ಪರಪ್ಪನ ಅಗ್ರಹಾರದ ದಾರಿ. ಅಲ್ಲಿರುವುದು ಬೆಂಗಳೂರು ಕೇಂದ್ರ ಕಾರಾಗೃಹ. ಒಂದು ತುದಿಯಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಕಾರ್ಮಿಕರ ಶೆಡ್ಡುಗಳು, ಇನ್ನೊಂದು ತುದಿಯಲ್ಲಿ ಶಿಕ್ಷೆಯಾಗದೆಯೇ ಮತ ಕಳೆದುಕೊಂಡ ವಿಚಾರಣಾಧೀನ ಕೈದಿಗಳು. ಮತದ ಹಕ್ಕಿಗೆ ಹೋರಾಡುವವರು ಒಂದು ಗುಂಪು, ಜೈಲು, ಪೊಲೀಸು, ಕೋರ್ಟು ಅಂತ ಓಡಾಡುವವರು ಬೇರೊಂದು ಗುಂಪು ಎಂದು ನಾವು ತಿಳಿಯುತ್ತೇವೆ. ಈ ರಸ್ತೆಯ ಉದ್ದಕ್ಕೂ ನೋಡುತ್ತ ಹೋದರೆ ಎರಡೂ ಕಡೆ ಕೇಳುವ ಪ್ರಶ್ನೆ ಒಂದೇ: ನಿನ್ನ ಖಾಯಂ ವಿಳಾಸ ಯಾವುದು, ನಿನ್ನ ಪರ ನಿಲ್ಲಲು ಆಸ್ತಿ ಇರುವವರು ಯಾರಿದ್ದಾರೆ? ಸಂವಿಧಾನ ಮುಂಬಾಗಿಲಿನಿಂದ ಆಚೆ ಹಾಕಿದ ಆಸ್ತಿಯ ಅರ್ಹತೆ ಬಾಡಿಗೆ ಕರಾರಿನ ರೂಪದಲ್ಲಿ, ಜಾಮೀನಿನ ಪಹಣಿಯ ರೂಪದಲ್ಲಿ ಹಿತ್ತಿಲ ಬಾಗಿಲಿಂದ ಒಳಗೆ ಬಂದು ಕೂತಿದೆ ಎಂಬುದು ಈ ಬರಹದ ವಾದ. ಆಸ್ತಿ ಯಾರ ಬಳಿ ಇದೆ ಎಂಬುದನ್ನು ನಮ್ಮಲ್ಲಿ ಜಾತಿ ತೀರ್ಮಾನಿಸಿರುವುದರಿಂದ, ಬಾಗಿಲು ಯಾರಿಗೆ ಮುಚ್ಚುತ್ತದೆ ಎಂಬುದೂ ಮೊದಲೇ ತೀರ್ಮಾನವಾಗಿರುತ್ತದೆ.

ಹಳೆಯ ಕತೆಯಿಂದಲೇ ಶುರು ಮಾಡಬೇಕು. ಆನೇಕಲ್ ಸೀಮೆ ಮೈಸೂರು ಸಂಸ್ಥಾನದ್ದು, ಹೊಸೂರು ಬ್ರಿಟಿಷರ ಸೇಲಂ ಜಿಲ್ಲೆಯದ್ದು. ದಿವಾನ್ ರಂಗಾಚಾರ್ಲು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಸ್ಥಾಪಿಸಿದಾಗ ದೇಶೀ ಸಂಸ್ಥಾನಗಳಲ್ಲಿ ಅಂಥದ್ದು ಬೇರೆ ಇರಲಿಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು ಅದು, ಹೆಮ್ಮೆ ಸುಳ್ಳೂ ಅಲ್ಲ. ಆದರೆ ಪ್ರಜೆಗಳ ಪ್ರತಿನಿಧಿ ಆಗಬೇಕಾದರೆ ಕಂದಾಯ ಕಟ್ಟುವ ಜಮೀನಿರಬೇಕಿತ್ತು, ಇಲ್ಲವೇ ವ್ಯಾಪಾರ ಇರಬೇಕಿತ್ತು. ಉಳುವವನಿಗೆ, ಜೀತದವನಿಗೆ, ಹೆಂಗಸಿಗೆ ಅಲ್ಲಿ ಜಾಗವಿರಲಿಲ್ಲ. ಬ್ರಿಟಿಷ್ ಪ್ರಾಂತ್ಯಗಳಲ್ಲೂ ಲೆಕ್ಕ ಅದೇ. ಈ ಲೆಕ್ಕವನ್ನು ಅಳಿಸಿದ್ದು ಸಂವಿಧಾನದ 326ನೇ ವಿಧಿ. ಅಳಿಸುವ ಕೆಲಸ ಕಾಗದದ ಮೇಲೆ ನಡೆದ ರೀತಿ ಇನ್ನೂ ಸ್ವಾರಸ್ಯದ್ದು. ಮಂಗಳೂರಿನ ಬೆನಗಲ್ ಮನೆತನದ ಬಿ.ಎನ್. ರಾವ್ ಅವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಕಾಲ. ಸಂವಿಧಾನ ಜಾರಿಗೆ ಬರುವ ಮೊದಲೇ, 1947ರ ಕೊನೆಯಿಂದ, ಮೊದಲ ಮತದಾರರ ಪಟ್ಟಿಯ ತಯಾರಿ ನಡೆದಿತ್ತು. ದೇಶ ಒಡೆದು ಲಕ್ಷಗಟ್ಟಲೆ ಜನ ಗುಡಾರಗಳಲ್ಲಿದ್ದರು. ಇಂತಿಷ್ಟು ದಿನ ಒಂದು ಊರಲ್ಲಿ ವಾಸವಿದ್ದವರಿಗೇ ಮತ ಎಂಬ ನಿಯಮ ಅವರ ಪಾಲಿಗೆ ಮತವೇ ಇಲ್ಲ ಎಂದಂತೆ. ಆಗ ತೆಗೆದುಕೊಂಡ ತೀರ್ಮಾನವೆಂದರೆ, ಇಲ್ಲೇ ಖಾಯಮ್ಮಾಗಿ ಇರುತ್ತೇನೆ ಎಂದು ನಿರಾಶ್ರಿತರು ಬರೆದುಕೊಟ್ಟರೆ ಸಾಕು, ಅವರ ಹೆಸರು ಸೇರಿಸಿ. ಬರಿಯ ಮಾತನ್ನು ನಂಬಿ ಹೆಸರು ಸೇರಿಸಿದ ಗಣರಾಜ್ಯ ಇದು. ಹಾಗಂತ ಆ ಪಟ್ಟಿ ನಿರ್ದೋಷವಾಗಿರಲಿಲ್ಲ. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟಿಯಿಂದ ತೆಗೆಸಿದರು. ಕಠಿಣ ನಿರ್ಧಾರ, ಮುಂದಿನ ಸಲ ಅವರು ಸ್ವಂತ ಹೆಸರಿನಲ್ಲಿ ಬರಲಿ ಎಂಬ ಲೆಕ್ಕಾಚಾರದ್ದು.

ಅತ್ತಿಬೆಲೆಯ ಸಾಲುಮನೆಯವರಿಗೆ ಇವತ್ತಿನ ಕಾನೂನು ಏನು ಹೇಳುತ್ತದೆ? ಅಚ್ಚರಿಯೆಂದರೆ ಕಾನೂನು ಅವರ ಪರವಾಗಿಯೇ ಇದೆ. 1950ರ ಜನಪ್ರಾತಿನಿಧ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ 18 ತುಂಬಿ, ಒಂದು ಕ್ಷೇತ್ರದ ಸಾಮಾನ್ಯ ನಿವಾಸಿ ಆಗಿದ್ದರೆ ಹೆಸರು ಸೇರಿಸಬೇಕು. ಒಂದು ಊರಲ್ಲಿ ಮನೆ ಇದ್ದ ಮಾತ್ರಕ್ಕೆ ಅಲ್ಲಿಯ ನಿವಾಸಿ ಆಗುವುದಿಲ್ಲ ಎಂದು 20ನೇ ಕಲಮು ಬಿಡಿಸಿ ಹೇಳುತ್ತದೆ. ಅಂದರೆ ಸ್ವಂತ ಮನೆ ಪ್ರಶ್ನೆಯೇ ಅಲ್ಲ. ಮನೆಯೇ ಇಲ್ಲದವರ ವಿಷಯದಲ್ಲೂ ಚುನಾವಣಾ ಆಯೋಗದ ಸೂಚನೆ ಸ್ಪಷ್ಟವಾಗಿದೆ. ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ಬರೆದ ಜಾಗಕ್ಕೆ ಬೂತ್ ಮಟ್ಟದ ಅಧಿಕಾರಿ, ಅಂದರೆ ನಮ್ಮ ಬಾಯಲ್ಲಿ ಬಿಎಲ್‌ಒ, ರಾತ್ರಿ ಹೊತ್ತು ಹೋಗಿ ಆ ಮನುಷ್ಯ ಅಲ್ಲೇ ಮಲಗುತ್ತಾನೆಯೇ ಎಂದು ನೋಡಿದರೆ ಆಯಿತು, ಬೇರೆ ದಾಖಲೆ ಬೇಡ. ಆಚರಣೆಯಲ್ಲಿ ಕಷ್ಟ ಶುರುವಾಗುವುದು ಇಲ್ಲಿಂದಲೇ. ಬಿಎಲ್‌ಒ ಎಂದರೆ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಷ್ಟ್ರು. ತಮ್ಮ ಕೆಲಸ ಮುಗಿಸಿ, ಅಲ್ಪ ಗೌರವಧನಕ್ಕೆ ಈ ಕೆಲಸ ಮಾಡುವವರು. ಅವರು ಬರುವ ಹೊತ್ತಿಗೆ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ, ಇದ್ದವರು ನಿದ್ದೆಯಲ್ಲಿರುತ್ತಾರೆ. ಬಾಡಿಗೆ ಕರಾರು ಕೇಳಿದರೆ ಮಾಲೀಕ ಕೊಡುವುದಿಲ್ಲ, ಕೊಟ್ಟರೆ ತೆರಿಗೆಯ ಚಿಂತೆ, ನಾಳೆ ಬಿಡಿಸುವಾಗ ತಕರಾರಿನ ಚಿಂತೆ. ಕಂಟ್ರಾಕ್ಟರ್ ಕೊಟ್ಟ ಗುರುತಿನ ಚೀಟಿಯಲ್ಲಿ ಕಂಪನಿಯ ಹೆಸರಿರುವುದಿಲ್ಲ. ಆರು ತಿಂಗಳಿಗೊಮ್ಮೆ ಶೆಡ್ಡು ಬದಲಾಗುತ್ತದೆ, ಜಿಗಣಿಯಿಂದ ಅತ್ತಿಬೆಲೆಗೆ, ಅತ್ತಿಬೆಲೆಯಿಂದ ಹೊಸೂರಿಗೆ. ಅರ್ಧ ಕಿಲೋಮೀಟರ್ ಸರಿದರೂ ರಾಜ್ಯವೇ ಬದಲಾಗುವ ಊರು ಇದು.

ಊರಿಗೆ ಹೋಗಿ ವೋಟ್ ಹಾಕಲಿ, ಯಾರು ಬೇಡ ಅಂದರು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಯಾದಗಿರಿ, ರಾಯಚೂರಿನಿಂದ ಗುಳೆ ಬಂದವರು ಪಂಚಾಯ್ತಿ ಚುನಾವಣೆಗೆ ಟೆಂಪೊ ಮಾಡಿಕೊಂಡು ಊರಿಗೆ ಹೋಗುವುದೂ ಉಂಟು, ಎಷ್ಟೋ ಸಲ ಟೆಂಪೊ ಬಾಡಿಗೆ ಯಾರು ಕೊಟ್ಟರು ಎಂಬುದು ಬೇರೆ ಮಾತು. ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು ಎಂದು 1951ರ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮು ಹೇಳುತ್ತದೆ. ದಿನಗೂಲಿಯವರಿಗೂ, ಬೇರೆ ಕ್ಷೇತ್ರದ ಮತದಾರರಿಗೂ ಇದು ಅನ್ವಯ. ಕೊಡದ ಮಾಲೀಕನಿಗೆ ದಂಡ ಎಷ್ಟು? ಗರಿಷ್ಠ 500 ರೂಪಾಯಿ. ಒಂದು ದಿನದ ರಜೆಯಲ್ಲಿ ಪಟ್ನಾಕ್ಕೋ ಗುವಾಹಟಿಗೋ ಹೋಗಿ ಬರುವ ರೈಲು ಇನ್ನೂ ಬಂದಿಲ್ಲ. ಇದನ್ನು ಚುನಾವಣಾ ಆಯೋಗವೂ ಒಪ್ಪಿದೆ. 2019ರಲ್ಲಿ ಸುಮಾರು 30 ಕೋಟಿ ಮತದಾರರು ಮತ ಹಾಕಲಿಲ್ಲ, ವಲಸೆ ಅದಕ್ಕೊಂದು ದೊಡ್ಡ ಕಾರಣ ಎಂದು ಹೇಳಿ, 72 ಕ್ಷೇತ್ರಗಳ ಮತವನ್ನು ಒಂದೇ ಕಡೆ ಹಾಕಬಲ್ಲ ದೂರ ಮತದಾನ ಯಂತ್ರದ ಮಾದರಿಯನ್ನು 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ಒಪ್ಪಲಿಲ್ಲ, ಯಂತ್ರ ಅಲ್ಲಿಗೇ ನಿಂತಿತು. ಆಮೇಲೆ ಬಂದದ್ದು ಮತದಾರರ ಪಟ್ಟಿಯ 2025ರ ವಿಶೇಷ ತೀವ್ರ ಪರಿಷ್ಕರಣೆ. ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೋದವು, ಅದರಲ್ಲಿ ಅರ್ಧಕ್ಕೂ ಮಿಕ್ಕಿ ಸ್ಥಳಾಂತರಗೊಂಡವರು ಅಥವಾ ಮನೆಯಲ್ಲಿ ಸಿಗದವರು ಎಂಬ ಲೆಕ್ಕದಲ್ಲಿ. ಬಿಟ್ಟುಹೋದ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟು ಆಗಸ್ಟ್ 14ರಂದು ಹೇಳಬೇಕಾಯಿತು. ನವೆಂಬರ್‌ನಲ್ಲಿ ತಮಿಳುನಾಡಿನಲ್ಲೂ ಅದೇ ಪರಿಷ್ಕರಣೆ ಶುರುವಾಯಿತು. ಸ್ಥಳಾಂತರಗೊಂಡವನ ಹೆಸರು ಹಳೆಯ ಊರಿಂದ ತೆಗೆಯುವುದು ಕಾನೂನಿನ ಪ್ರಕಾರ ಸರಿ. ಅವನು ಸ್ಥಳಾಂತರಗೊಂಡು ಬಂದ ಊರಿನ ಪಟ್ಟಿಗೆ ಅದೇ ಉತ್ಸಾಹದಲ್ಲಿ ಸೇರಿಸಿದ್ದರೆ ಯಾರ ದೂರೂ ಇರುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ಅತ್ತಿಬೆಲೆಯಲ್ಲಿ ನಿಂತು ತಳ್ಳಿಹಾಕಲು ಆಗುವುದಿಲ್ಲ: ಬಂದವರೆಲ್ಲ ಇಲ್ಲೇ ಮತ ಪಡೆದರೆ ಗಡಿಯ ಕನ್ನಡಿಗನ ಮಾತಿಗೆ ಬೆಲೆ ಉಳಿದೀತೇ? ಜಮೀನು ಕೈಗಾರಿಕೆಗೆ ಹೋಗಿದೆ, ಕೆರೆ ಕೆಟ್ಟಿದೆ, ಕೆಲಸ ಸಿಗಲಿಲ್ಲ, ಇನ್ನು ಮತದ ತೂಕವೂ ಹೋಗಬೇಕೇ ಎಂಬ ಸಂಕಟ ಬರೀ ಭಾಷಾಭಿಮಾನದ್ದಲ್ಲ. ಇದಕ್ಕೆ ಎರಡು ಮಾತು ಹೇಳಬಹುದು. ಮತವಿಲ್ಲದ ಕೂಲಿಯವನು ಕಂಟ್ರಾಕ್ಟರಿಗೆ ಅಗ್ಗ. ಅವನ ಪರ ಪುರಸಭೆ ಸದಸ್ಯನೂ ಬಾಯಿಬಿಡುವುದಿಲ್ಲ, ಶಾಸಕರೂ ಫೋನ್ ಮಾಡುವುದಿಲ್ಲ. ಅಗ್ಗದ ಕೂಲಿ ಇರುವ ತನಕ ಆನೇಕಲ್ಲಿನ ಹುಡುಗನಿಗೆ ಸರಿಯಾದ ಸಂಬಳ ಕೊಡುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಇನ್ನೊಂದು ಮಾತು, ನಾವೂ ಎಲ್ಲೋ ಹೊರಗಿನವರೇ. ಗೋವಾದ ವಾಸ್ಕೊ ಬಳಿಯ ಬೈನಾ ಕಡಲತೀರದಲ್ಲಿ ದಶಕಗಳಿಂದ ಇದ್ದ ಕನ್ನಡಿಗರ ಮನೆಗಳ ಮೇಲೆ ಮತ್ತೆ ಮತ್ತೆ ಬುಲ್ಡೋಜರ್ ಹರಿದಾಗ ಅವರಿಗೆ ಸಿಕ್ಕ ಬೈಗುಳವೂ ಇದೇ, ಹೊರಗಿನವರು. ಆಗ ನಮ್ಮ ಪತ್ರಿಕೆಗಳು ಅವರ ಕೈಲಿದ್ದ ವೋಟರ್ ಐಡಿಯನ್ನು ಸಾಕ್ಷಿಯಾಗಿ ಎತ್ತಿ ಹಿಡಿದವು. 2020ರ ಜನವರಿಯಲ್ಲಿ ಮಾರತಹಳ್ಳಿ ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳು ಎಂಬ ಹಣೆಪಟ್ಟಿ ಹಚ್ಚಿ ನೂರಾರು ಗುಡಿಸಲು ಕೆಡವಿದಾಗ ಅಲ್ಲಿದ್ದವರ ಕೈಯಲ್ಲೂ ಅದೇ ಐಡಿ ಇತ್ತು. ಪಶ್ಚಿಮ ಬಂಗಾಳ, ಅಸ್ಸಾಂ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದಿಂದ ಗುಳೆ ಬಂದವರ ಗುಡಿಸಲೂ ನೆಲಕ್ಕೆ ಬಿದ್ದವು. ಹಣೆಪಟ್ಟಿ ಹಚ್ಚುವವರಿಗೆ ಕನ್ನಡ ಮಾತಾಡುವ ಬಡವನನ್ನು ಬಿಡಿಸಿ ನೋಡುವ ತಾಳ್ಮೆ ಇರಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಗಿ ತಡೆ ತಂದಿತು.

ಪಟ್ಟಿಯಲ್ಲಿ ಒಬ್ಬನ ಹೆಸರು ಎರಡು ಕಡೆ ಇರುವ, ಸುಳ್ಳು ಹೆಸರು ಸೇರುವ ಭಯ ಮಾತ್ರ ನಿಜವಾದದ್ದು. 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಅವರು ವೈಟ್‌ಫೀಲ್ಡ್ ಇರುವ ಮಹದೇವಪುರ ಕ್ಷೇತ್ರದ ಪಟ್ಟಿ ತೋರಿಸಿ, ಒಂದೇ ಕೋಣೆಯ ಮನೆಯ ವಿಳಾಸದಲ್ಲಿ 80 ಹೆಸರಿವೆ ಎಂದು ಆರೋಪಿಸಿದರು, ಆಯೋಗ ಆರೋಪವನ್ನು ಒಪ್ಪಲಿಲ್ಲ. ರಾಜಕೀಯ ಏನೇ ಇರಲಿ, ಇಂಥ ಸಾಲುಮನೆಗಳನ್ನು ಬಲ್ಲವರಿಗೆ ಒಂದು ಸಂಗತಿ ಹೊಳೆಯುತ್ತದೆ. ಬಂದು ಹೋದವರ ಹೆಸರು ತೆಗೆಯುವವರಿಲ್ಲ, ಈಗ ಇರುವವರ ಹೆಸರು ಸೇರಿಸುವವರಿಲ್ಲ. ಒಂದೇ ಬಾಗಿಲಿನ ಹಿಂದೆ ಕಳ್ಳಮತದ ಸಂಶಯವೂ ಇದೆ, ಕಳೆದುಹೋದ ಮತವೂ ಇದೆ. ಅಲ್ಲಿ ಬೇಕಿರುವುದು ಬಾಗಿಲಿಂದ ಬಾಗಿಲಿಗೆ ನಡೆಯುವ ಜನ, ಬೆರಳ ತುದಿಯ ಆ್ಯಪ್ ಸಾಲದು. ಆ್ಯಪ್ ಇದ್ದ ಆಳಂದ ಕ್ಷೇತ್ರದಲ್ಲಿ ಏನಾಯಿತು ಗೊತ್ತೇ ಇದೆ: 2023ರ ವಿಧಾನಸಭೆ ಚುನಾವಣೆಗೆ ಮೊದಲು ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ ಬಂದ 6,018 ಅರ್ಜಿಗಳಲ್ಲಿ ಸರಿ ಇದ್ದದ್ದು 24. ತಮ್ಮ ನೆಂಟರೊಬ್ಬರ ಹೆಸರು ತೆಗೆಯುವ ಅರ್ಜಿ ಕಂಡು ಬಿಎಲ್‌ಒ ಒಬ್ಬರು ಹುಬ್ಬೇರಿಸಿದ್ದರಿಂದ ಎಳೆ ಸಿಕ್ಕಿತು. ಅದಕ್ಕೂ ಹಿಂದೆ, 2022ರ ನವೆಂಬರ್‌ನಲ್ಲಿ, ಚಿಲುಮೆ ಎಂಬ ಸಂಸ್ಥೆಯವರು ಬಿಎಲ್‌ಒ ಗುರುತಿನ ಚೀಟಿ ಹಾಕಿಕೊಂಡು ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹಿಸಿದ್ದನ್ನು ‘ಪ್ರತಿಧ್ವನಿ’ ಮತ್ತು ‘ದಿ ನ್ಯೂಸ್ ಮಿನಿಟ್’ ವರದಿಗಾರರು ಹೊರಗೆಳೆದರು. 2023ರಲ್ಲಿ ‘ಎದ್ದೇಳು ಕರ್ನಾಟಕ’ ಹೆಸರಿನಲ್ಲಿ ಒಟ್ಟಾದ ಸಂಘಟನೆಗಳ ಕಾರ್ಯಕರ್ತರು ಕೊಳೆಗೇರಿಗಳಲ್ಲಿ ಪಟ್ಟಿ ಹಿಡಿದು ಬಿಟ್ಟುಹೋದ ಹೆಸರು ಹುಡುಕಿದ್ದು ಮಾತ್ರ ಬಾಗಿಲಿಂದ ಬಾಗಿಲಿಗೆ ನಡೆಯುವ ಆ ಕೆಲಸವೇ. ಭಾಷಣ ಕೇಳಿದವರಿಗೆ ನೀರಸ ಅನ್ನಿಸುವ ಕೆಲಸ.

ಬೊಮ್ಮಸಂದ್ರ ತಲುಪಿದರೆ ಮೆಟ್ರೊ. 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗ ಇಲ್ಲಿಂದ ಆರ್.ವಿ. ರಸ್ತೆಯವರೆಗೆ 19 ಕಿಲೋಮೀಟರ್ ಚಿಲ್ಲರೆ. ಅತ್ತಿಬೆಲೆಗೆ ಅದು ಬಂದಿಲ್ಲ. ರೈಲಿನ ಕಿಟಕಿಯಿಂದ ಎಲೆಕ್ಟ್ರಾನಿಕ್ ಸಿಟಿ ಕಾಣುತ್ತದೆ. ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರು 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 300ಕ್ಕೂ ಹೆಚ್ಚು ಎಕರೆಯಲ್ಲಿ ಕಂಡ ಕನಸು ಅದು. ಈಗ ಅದಕ್ಕೆ ತನ್ನದೇ ಆಡಳಿತ ಇದೆ, ಎಲ್ಸಿಟಾ ಎಂಬ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ. ಆಸ್ತಿ ತೆರಿಗೆ ತೆಗೆದುಕೊಳ್ಳುತ್ತದೆ, ರಸ್ತೆ ಗುಡಿಸುತ್ತದೆ, ಚೆನ್ನಾಗಿಯೇ ಗುಡಿಸುತ್ತದೆ. ಸಂವಿಧಾನದ 243ಕ್ಯು ವಿಧಿಯ ವಿನಾಯಿತಿಯಲ್ಲಿ ಇಂಥ ಟೌನ್‌ಶಿಪ್ಪಿಗೆ ಚುನಾಯಿತ ಪುರಸಭೆ ಬೇಡ. ಕಸ ಗುಡಿಸುವ ಹೆಂಗಸಿಗೂ, ಗೇಟಿನ ಸೆಕ್ಯೂರಿಟಿಯವನಿಗೂ, ಕೋಡ್ ಬರೆಯುವ ಇಂಜಿನಿಯರಿಗೂ ಅಲ್ಲಿ ಸಮಾನವಾಗಿ ವಾರ್ಡ್ ಮತವಿಲ್ಲ. ಇಂಜಿನಿಯರಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ ಎಂಬುದು ಬೇರೆ ಮಾತು.

ಹೊಸರೋಡ್ ನಿಲ್ದಾಣದಲ್ಲಿ ಇಳಿದವರಿಗೆ ಪರಪ್ಪನ ಅಗ್ರಹಾರ ಹತ್ತಿರ. ಊರ ನಡುವೆ, ಶೇಷಾದ್ರಿ ರಸ್ತೆಯಲ್ಲಿದ್ದ ಹಳೆಯ ಸೆಂಟ್ರಲ್ ಜೈಲಿಗೆ ಬದಲಾಗಿ ಬಂದದ್ದು ಈ ಜೈಲು. ಆ ಹಳೆಯ ಜಾಗ ಈಗ ಫ್ರೀಡಂ ಪಾರ್ಕ್, ಧರಣಿಗಳ ತಾಣ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದು ಅಲ್ಲಿ. ಅವರು ಮುನ್ನೆಚ್ಚರಿಕೆ ಬಂಧನದ ಕೈದಿಗಳು. 1951ರ ಕಾಯ್ದೆಯ 62(5) ಕಲಮಿನ ವಿನೋದ ಇಲ್ಲಿದೆ. ಮುನ್ನೆಚ್ಚರಿಕೆಯಾಗಿ ಬಂಧಿಸಿಟ್ಟವರು ಅಂಚೆ ಮತ ಹಾಕಬಹುದು. ಉಳಿದಂತೆ ಜೈಲಿನಲ್ಲಿರುವ ಯಾರೂ, ಶಿಕ್ಷೆಯಾಗಿರಲಿ ಬಿಡಲಿ, ಮತ ಹಾಕುವಂತಿಲ್ಲ. ನಿಲ್ಲಬಹುದು ಮಾತ್ರ: ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರದಿಂದ ಗೆದ್ದರು. ಮತ ಹಾಕಲಾಗದವನು ಸ್ಪರ್ಧಿಸುವಂತೆಯೂ ಇಲ್ಲ ಎಂದು 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಸಂಸತ್ತು ಅದೇ ವರ್ಷ ತಿದ್ದುಪಡಿ ತಂದು ಸ್ಪರ್ಧೆಯ ಹಕ್ಕನ್ನು ಉಳಿಸಿಕೊಂಡಿತು, ಮತದ ಹಕ್ಕಿನ ನೆನಪು ಯಾರಿಗೂ ಆಗಲಿಲ್ಲ. ಇನ್ನೂ ದೊಡ್ಡ ವಿನೋದ ಬೇರೆಯಿದೆ. ಈ ನಿಷೇಧ ಗೋಡೆಗೆ ಅಂಟಿಕೊಂಡಿದೆ, ಅಪರಾಧಕ್ಕಲ್ಲ. 2014ರ ಸೆಪ್ಟೆಂಬರ್ 27ರಂದು ಜಯಲಲಿತಾ ಅವರಿಗೆ ಇದೇ ಪರಪ್ಪನ ಅಗ್ರಹಾರದ ಆವರಣದ ವಿಶೇಷ ನ್ಯಾಯಾಲಯ ನಾಲ್ಕು ವರ್ಷ ಶಿಕ್ಷೆ ವಿಧಿಸಿತು. ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಕ್ಕಿತು. ಹಾಗೆ ಜಾಮೀನಿನ ಮೇಲೆ ಹೊರಗಿರುವ ಶಿಕ್ಷಿತರು ಮತ ಹಾಕುವುದಕ್ಕೆ 62(5) ಅಡ್ಡ ಬರುವುದಿಲ್ಲ. ಮೊಬೈಲ್ ಕದ್ದ ಆರೋಪದ ಮೇಲೆ ಒಳಗಿರುವ, ಜಾಮೀನು ಮಂಜೂರಾಗಿದ್ದರೂ ಜಾಮೀನುದಾರ ಸಿಗದ ಕೂಲಿಯವನಿಗೆ ಅಡ್ಡ ಬರುತ್ತದೆ.

ಜಾಮೀನುದಾರ ಎಂದರೆ ಯಾರು? ನಮ್ಮ ಕೋರ್ಟುಗಳಲ್ಲಿ ರೂಢಿಯಾಗಿ ಪಹಣಿ, ಕಂದಾಯ ಕಟ್ಟಿದ ರಸೀದಿ, ಆಧಾರ್ ಹಿಡಿದು ಕಟಕಟೆ ಹತ್ತಬಲ್ಲ ಸ್ಥಳೀಯ. 1881ರ ಪ್ರಜಾಪ್ರತಿನಿಧಿಯ ಅರ್ಹತೆ ಏನಿತ್ತೋ ಬಹುಮಟ್ಟಿಗೆ ಅದೇ. ಒಡಿಶಾದ ಹುಡುಗನಿಗೆ ಆನೇಕಲ್ ಕೋರ್ಟಿನಲ್ಲಿ ಪಹಣಿ ಇರುವ ಬಂಧು ಎಲ್ಲಿಂದ ಬರಬೇಕು? ದುಡ್ಡು ಕೊಟ್ಟರೆ ಸಿಗುವ ಬಾಡಿಗೆ ಜಾಮೀನುದಾರರ ದಂಧೆ, ನಕಲಿ ಪಹಣಿಯ ದಂಧೆ ಹುಟ್ಟಿಕೊಂಡಿರುವುದು ಈ ಬೇಡಿಕೆಯಿಂದಲೇ. ಇದನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ಕಂಡಿದ್ದರು. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವರಿಗೆ ಕೆಳಗಿನ ಕೋರ್ಟು 10,000 ರೂಪಾಯಿಯ ಜಾಮೀನು ಕೇಳಿತು, ಕೊಡಲು ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿತು. ಅಯ್ಯರ್ ಅವರ ತೀರ್ಪು ಅದನ್ನು ತಳ್ಳಿಹಾಕಿ, ಒಬ್ಬ ಕನ್ನಡಿಗನನ್ನೋ ತಮಿಳನನ್ನೋ ಎಲ್ಲೋ ದೂರದ ಬಸ್ತಾರಿನಲ್ಲಿ ಹಿಡಿದರೆ ಅವನು ಅಲ್ಲಿ ಆಸ್ತಿವಂತನನ್ನು ಹುಡುಕುವುದು ಹೇಗೆ ಎಂದು ಕೇಳಿತು. ಅಲ್ಲಿ ಉದಾಹರಣೆಗೆ ಬಂದವರಲ್ಲಿ ಕನ್ನಡಿಗನೂ ಇದ್ದ ಎಂಬುದನ್ನು ನಾವು ಮರೆತಿದ್ದೇವೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಅದೇ ಮಾತು ಹೇಳಬೇಕಾಯಿತು: ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತು ಬಿಡುಗಡೆ ತಡವಾಗಲು ಒಂದು ಕಾರಣ, ಅದನ್ನು ಹಾಕದಿರಿ. ಜಾಮೀನು ಸಿಕ್ಕು ಏಳು ದಿನವಾದರೂ ಹೊರಬಾರದವರ ವಿಷಯವನ್ನು ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂದೂ ಸೇರಿಸಿತು.

ಒಳಗಿರುವವರು ಯಾರು ಎಂಬ ಲೆಕ್ಕ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಬಳಿ ಇದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ನಾಲ್ವರಲ್ಲಿ ಮೂವರು. ವಿಚಾರಣಾಧೀನರಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 21, ಜನಸಂಖ್ಯೆಯಲ್ಲಿ 2011ರ ಗಣತಿಯಂತೆ 16.6. ಮುಸ್ಲಿಮರ ಪಾಲೂ ಜನಸಂಖ್ಯೆಯ ಪಾಲನ್ನು ಮೀರಿದೆ. ಅಪರಾಧ ಹೆಚ್ಚು ಮಾಡಿದರೆ ಜೈಲಿನಲ್ಲಿ ಹೆಚ್ಚು ಇರುತ್ತಾರೆ, ಅದಕ್ಕೇಕೆ ಜಾತಿಯ ಮಾತು ಎನ್ನಬಹುದು. ಆದರೆ ಇದು ಅಪರಾಧ ಸಾಬೀತಾದವರ ಲೆಕ್ಕವಲ್ಲ, ಜಾಮೀನು ಕೊಡಲಾಗದವರೂ ಸೇರಿದ ಲೆಕ್ಕ. ಕೃಷಿ ಗಣತಿಯ ಪ್ರಕಾರ ಸಾಗುವಳಿ ಜಮೀನಿನಲ್ಲಿ ದಲಿತರ ಕೈಲಿರುವುದು ನೂರಕ್ಕೆ ಒಂಬತ್ತರ ಆಸುಪಾಸು. ಪಹಣಿಯೇ ಇಲ್ಲದ ಸಮುದಾಯದಲ್ಲಿ ಜಾಮೀನುದಾರ ಹುಟ್ಟುವುದಾದರೂ ಎಲ್ಲಿಂದ? ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕೈತಪ್ಪದಿರಲಿ ಎಂದು ಕರ್ನಾಟಕ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತಂದಿತು, 2023ರಲ್ಲಿ ತಿದ್ದಿತು. ಆನೇಕಲ್ ಸೀಮೆಯಲ್ಲಿ ನೆಲದ ಬೆಲೆ ಏರಿದಂತೆ ಅಂಥ ವ್ಯಾಜ್ಯಗಳೂ ಬೆಳೆದವು. ಆನೇಕಲ್ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಕುರ್ಚಿಗೆ ಮೀಸಲಾತಿ ಸಿಕ್ಕಿತು, ಕಟಕಟೆಗೆ ಸಿಗಲಿಲ್ಲ.

ಇದನ್ನು ಜನಾಂಗಭೇದ ಎನ್ನಬಹುದೇ, ಅದು ಅಮೆರಿಕದ ಮಾತಲ್ಲವೇ ಎಂಬ ತಕರಾರು ಉಂಟು. ಹುಟ್ಟನ್ನೇ ಅಪರಾಧ ಮಾಡಿದ ಕಾನೂನು ನಮ್ಮಲ್ಲೂ ಇತ್ತು. 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಅಡಿಯಲ್ಲಿ ಗಂಟಿಚೋರ್, ಕೊರಮ ಮುಂತಾದವರನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಜಾಗಕ್ಕೆ ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. 1952ರಲ್ಲಿ ಆ ಕಾಯ್ದೆ ಹೋಯಿತು, ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರದ್ದು. ಜೈಲಿನೊಳಗೆ ಅಡುಗೆಗೆ ಒಂದು ಜಾತಿ, ಪಾಯಿಖಾನೆಗೆ ಒಂದು ಜಾತಿ ಎಂಬ ಹಲವು ರಾಜ್ಯಗಳ ಕೈಪಿಡಿಗಳ ನಿಯಮಗಳನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ. ಕೈದಿಗಳ ದಾಖಲೆಯ ಜಾತಿ ಕಾಲಂ ಕೂಡ ತೆಗೆಯಲು ಹೇಳಿತು. ಮುಖ, ಮೈಬಣ್ಣ ನೋಡಿ ಬೇರೆ ಮಾಡುವ ಪ್ರಕರಣಗಳೂ ಬೆಂಗಳೂರಿಗೆ ಹೊಸತಲ್ಲ: 2012ರಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ರೈಲು ಹತ್ತಿದರು, 2021ರ ಆಗಸ್ಟ್‌ನಲ್ಲಿ ಕಾಂಗೋ ದೇಶದ ಯುವಕನೊಬ್ಬ ಪೊಲೀಸ್ ವಶದಲ್ಲಿದ್ದಾಗ ಸತ್ತ.

ಕೈದಿಗಳಿಗೆ ಮತ ಯಾಕೆ ಬೇಡ ಎಂದು ಸುಪ್ರೀಂ ಕೋರ್ಟು 1997ರ ಅನುಕೂಲ್ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಕಾರಣ ಕೊಟ್ಟಿದೆ: ಪೊಲೀಸ್ ಬಲ ಸಾಲದು, ತಮ್ಮ ನಡತೆಯಿಂದಲೇ ಅವರು ಸ್ವಾತಂತ್ರ್ಯ ಕಳೆದುಕೊಂಡವರು, ರಾಜಕೀಯದಿಂದ ಅಪರಾಧಿಗಳನ್ನು ದೂರ ಇಡಬೇಕು. ಬಲ ಸಾಲದೆಂಬ ಕಾರಣ ಆಗ ನಿಜವಿದ್ದೀತು, ಆದರೆ ಮುನ್ನೆಚ್ಚರಿಕೆ ಬಂಧಿಗಳಿಗೆ ಕಳಿಸುವ ಅಂಚೆ ಮತಪತ್ರವನ್ನೇ ಪಕ್ಕದ ಬ್ಯಾರಕ್ಕಿಗೂ ಕಳಿಸಬಹುದು. ನಡತೆಯ ಮಾತು ಶಿಕ್ಷೆಯಾಗದವನಿಗೆ ಹೊಂದುವುದಿಲ್ಲ. ಅಪರಾಧಿ ರಾಜಕೀಯದ ಮಾತಂತೂ, ಒಳಗಿನಿಂದ ಸ್ಪರ್ಧಿಸಲು ಬಿಟ್ಟ ಮೇಲೆ ಉಳಿಯುವುದೇ ಇಲ್ಲ. ಕೊಲೆ, ಅತ್ಯಾಚಾರದಲ್ಲಿ ಶಿಕ್ಷೆಯಾದವರಿಗೆ ಮತ ಬೇಡ ಎಂದು ಯಾರಾದರೂ ವಾದಿಸಿದರೆ ಅದನ್ನು ಬೇರೆಯಾಗಿ ಚರ್ಚಿಸಬಹುದು, ಗೆರೆ ಎಳೆಯುವುದಾದರೆ ಶಿಕ್ಷೆಯ ಹತ್ತಿರ ಎಳೆಯಲಿ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 1999ರಲ್ಲೇ ಕೈದಿಗಳ ಮತ ಉಳಿಸಿತು. ಅಮೆರಿಕದ ಫ್ಲಾರಿಡಾದ ಕತೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಕಪ್ಪು ವಯಸ್ಕರಲ್ಲಿ ಐವರಲ್ಲಿ ಒಬ್ಬರಿಗೆ ಹಳೆಯ ಶಿಕ್ಷೆಯ ಕಾರಣದಿಂದ ಮತವಿರಲಿಲ್ಲ. ಸ್ವತಃ ಶಿಕ್ಷೆ ಅನುಭವಿಸಿದ್ದ ಡೆಸ್ಮಂಡ್ ಮೀಡ್ ಮನೆಮನೆ ಸುತ್ತಿ ಸಹಿ ಸಂಗ್ರಹಿಸಿದ ಚಳವಳಿಯಿಂದ 2018ರಲ್ಲಿ ಸುಮಾರು ಶೇ. 65ರಷ್ಟು ಮತದಾರರು ಶಿಕ್ಷೆ ಮುಗಿಸಿದವರಿಗೆ ಹಕ್ಕು ಮರಳಿಸಿದರು. ಮರುವರ್ಷ ಶಾಸಕಾಂಗ ಒಂದು ಷರತ್ತು ಸೇರಿಸಿತು: ಕೋರ್ಟಿನ ದಂಡ, ಶುಲ್ಕವೆಲ್ಲ ಕಟ್ಟಿದ ಮೇಲೆ ಮತ. ದುಡ್ಡು ಅಲ್ಲೂ ಹಿತ್ತಿಲ ಬಾಗಿಲಿಂದಲೇ ಬಂತು.

ನಮ್ಮಲ್ಲಿ ಈ ಅಡ್ಡಿಗಳನ್ನು ತೆಗೆಯಲು ಬೇಕಾದ ಸಲಕರಣೆ ಅರ್ಧಕ್ಕರ್ಧ ಇದೆ. ಹೆಸರು ಸೇರಿಸಲು 1950, ಕಾನೂನು ನೆರವಿಗೆ 15100, ಎರಡೂ ಉಚಿತ ಸಹಾಯವಾಣಿ. ಜಾಮೀನಿನ ಹಣಕ್ಕೆ ವಿಚಾರಣಾಧೀನರಿಗೆ ನೆರವು ಕೊಡುವ ಕೇಂದ್ರದ ಬಡ ಕೈದಿಗಳ ಯೋಜನೆ 2023ರಿಂದ ಇದೆ, ಅರ್ಹರನ್ನು ಗುರುತಿಸಿ ಕಳಿಸಲು ಹಲವು ರಾಜ್ಯಗಳು ಮುಂದಾಗಿಲ್ಲ ಎಂದು ಗೃಹ ಸಚಿವಾಲಯವೇ ಪತ್ರ ಬರೆದಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆಂದೂ ಶಿಕ್ಷೆಯಾಗದ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರು, ಕೆಲವು ಘೋರ ಅಪರಾಧಗಳ ಹೊರತು. ಇಲ್ಲದಿರುವುದು ಮತದಾರರ ಪಟ್ಟಿ, ಕಾನೂನು ನೆರವು ಎಂಬ ಎರಡು ಖಾತೆಗಳ ನಡುವೆ ನಡೆದಾಡುವ ಕಾಲು. ಅತ್ತಿಬೆಲೆಯ ಪಕ್ಕದ ಮಾಲೂರಿನಲ್ಲಿ ಹುಣಸಿಕೋಟೆಯ ದಲಿತರೊಬ್ಬರ ಕೊಲೆ ಪ್ರಕರಣಕ್ಕೆ ನ್ಯಾಯ ಕೇಳಿ ದಲಿತ ಸಂಘರ್ಷ ಸಮಿತಿ ಕಾಲ್ನಡಿಗೆ ಜಾಥಾ ಮಾಡಿದ್ದ ಸೀಮೆ ಇದು. ನಡೆದೇ ಕೆಲಸ ಮಾಡುವುದು ಇಲ್ಲಿಗೆ ಹೊಸದಲ್ಲ. ಸಂಬಳದ ವಾರ, ರಾತ್ರಿ ಪಾಳಿ ಬಿಡುವ ಹೊತ್ತಿಗೆ ಕೈಗಾರಿಕಾ ಪ್ರದೇಶದ ಗೇಟಿನಲ್ಲಿ ಬಿಎಲ್‌ಒ ನಮೂನೆ 6 ಹಿಡಿದು, ತಾಲ್ಲೂಕು ಕಾನೂನು ಸೇವಾ ಸಮಿತಿಯ ಸ್ವಯಂಸೇವಕರು ಪಕ್ಕದಲ್ಲಿ ಕೂತರೆ ಹೆಚ್ಚಿನ ಕಾನೂನೇನೂ ಬೇಡ. ಏಳು ದಿನವಾದರೂ ಜಾಮೀನುದಾರ ಸಿಗದವರ ಹೆಸರುಗಳನ್ನು ಪರಪ್ಪನ ಅಗ್ರಹಾರದಿಂದ ಜಿಲ್ಲಾ ಪ್ರಾಧಿಕಾರಕ್ಕೆ ಕಳಿಸಬೇಕೆಂಬ ಆದೇಶ ಹೇಗೂ ಇದೆ. ಆ ಹೆಸರುಗಳ ಮುಂದಿನ ವಿಳಾಸಗಳನ್ನು ಆನೇಕಲ್ಲಿನ ಮತದಾರರ ಪಟ್ಟಿಯ ಪಕ್ಕದಲ್ಲಿಟ್ಟು ಒಮ್ಮೆ ಓದಿದರೆ ಬಿಎಲ್‌ಒ ರಾತ್ರಿ ಹೊತ್ತು ಮೊದಲು ಹೋಗಬೇಕಾದ ಸಾಲುಮನೆಗಳು ಯಾವುವೆಂದು ಗೊತ್ತಾಗುತ್ತದೆ.